‘ನನ್ನಿಂದ ಆಗದು’ ಎಂಬ ನಂಬಿಕೆ: ಸಾವಧಾನವೂ ಪ್ರಕೃತಿಯೂ ನಮ್ಮನ್ನು ಎಷ್ಟು ದೂರ ಕರೆದೊಯ್ಯಬಲ್ಲವು?

ಹಸಿರುಹಾದಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ‘ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ’, ‘ನಾಲ್ಕು ಜನರ ಮುಂದೆ ಮಾತನಾಡುವುದು ನನ್ನಿಂದ ಆಗದು’, ‘ನನ್ನನ್ನು ಹತ್ತಿರದಿಂದ ಬಲ್ಲವರು ಯಾರೂ ಇಷ್ಟಪಡಲಾರರು’ ಎಂಬಂಥ ಮಾತುಗಳನ್ನು ನಮ್ಮಲ್ಲಿ ಅನೇಕರು ವರ್ಷಗಟ್ಟಲೆ ಒಳಗೊಳಗೇ ಹೇಳಿಕೊಳ್ಳುತ್ತ ಬಂದಿರುತ್ತೇವೆ. ಎಂದೋ ಯಾರೋ ಆಡಿದ ಒಂದು ಮಾತು, ಎಳವೆಯಲ್ಲಿ ಆದ ಒಂದು ಸೋಲು, ಒಡಹುಟ್ಟಿದವರೊಂದಿಗೆ ಪದೇ ಪದೇ ನಡೆದ ಹೋಲಿಕೆ ಇದಕ್ಕೆ ಬೀಜವಾಗಿರಬಹುದು. ಕಾಲ ಕಳೆದಂತೆ ಬೀಜ ಯಾವುದೆಂಬುದು ಮರೆತುಹೋಗುತ್ತದೆ, ನಂಬಿಕೆ ಮಾತ್ರ ನಮ್ಮ ಸ್ವಭಾವವೇ ಎಂಬಂತೆ ಉಳಿದುಬಿಡುತ್ತದೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು ಖಿನ್ನತೆಯಿಂದ ಬಳಲುತ್ತಿದ್ದವರ ಮಾತುಗಳನ್ನು ಆಲಿಸುವಾಗ ಕಂಡುಕೊಂಡದ್ದೂ ಇದನ್ನೇ: ತಮ್ಮನ್ನು ತಾವೇ ಹಳಿದುಕೊಳ್ಳುವ ಯೋಚನೆಗಳು ಕರೆಯದೆಯೇ ಮಿಂಚಿನಂತೆ ಬಂದುಹೋಗುತ್ತವೆ, ಅವು ನಿಜವೇ ಎಂದು ಪರೀಕ್ಷಿಸುವ ಮೊದಲೇ ಮನಸ್ಸು ಅವನ್ನು ಒಪ್ಪಿಕೊಂಡಿರುತ್ತದೆ, ಮತ್ತು ಅವುಗಳ ಅಡಿಯಲ್ಲಿ ತನ್ನ ಬಗ್ಗೆ ಆಳವಾಗಿ ಬೇರೂರಿದ ಒಂದು ತೀರ್ಮಾನವಿರುತ್ತದೆ.

ಇಂಥ ನಂಬಿಕೆಯನ್ನು ಬಿಡುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಸಲಹೆ, ಅದರ ಬದಲು ಒಳ್ಳೆಯ ಮಾತನ್ನು ಹೇಳಿಕೊಳ್ಳಿ ಎಂಬುದು. ‘ನಾನು ಸಮರ್ಥ, ನಾನು ಎಲ್ಲರ ಪ್ರೀತಿಗೆ ಪಾತ್ರ’ ಎಂದು ದಿನವೂ ಹೇಳಿಕೊಂಡರೆ ಸಾಕು ಎನ್ನುವವರಿದ್ದಾರೆ. ಆದರೆ 2009ರಲ್ಲಿ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯವಿದ್ದವರಿಗೆ ಇಂಥ ಮಾತು ಅಲ್ಪಸ್ವಲ್ಪ ನೆರವಾದರೆ, ಕೀಳರಿಮೆಯುಳ್ಳವರಿಗೆ ಅದನ್ನು ಹೇಳಿಕೊಂಡ ಮೇಲೆ ಇನ್ನಷ್ಟು ಬೇಸರವಾಯಿತು. ಯಾರಿಗೆ ಔಷಧ ಬೇಕಿತ್ತೋ ಅವರಿಗೇ ಅದು ಒಗ್ಗಲಿಲ್ಲ. ನನಗೆ ಇದು ಆಶ್ಚರ್ಯವೆನಿಸುವುದಿಲ್ಲ, ಏಕೆಂದರೆ ಬಾಯಿ ‘ನಾನು ಸಮರ್ಥ’ ಎಂದಾಗಲೆಲ್ಲ ಮನಸ್ಸು ಹಳೆಯ ಸಾಕ್ಷ್ಯಗಳನ್ನೆಲ್ಲ ಹೊರತೆಗೆದು ಎದುರು ವಾದಕ್ಕೆ ನಿಲ್ಲುತ್ತದೆ.

ಮೈಂಡ್‌ಫುಲ್‌ನೆಸ್ ಅಥವಾ ಸಾವಧಾನದ ಅಭ್ಯಾಸ ಹಿಡಿಯುವ ದಾರಿ ಬೇರೆ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು ದೀರ್ಘಕಾಲದ ನೋವಿನಿಂದ ನರಳುವವರಿಗಾಗಿ ಆರಂಭಿಸಿದ, ಮುಂದೆ 8 ವಾರಗಳ ಕ್ರಮವಾಗಿ ಪ್ರಸಿದ್ಧವಾದ ತರಬೇತಿಯಲ್ಲಿ, ಯೋಚನೆಯನ್ನು ಓಡಿಸುವ ಅಥವಾ ಸೋಲಿಸುವ ಪ್ರಯತ್ನವಿರಲಿಲ್ಲ. ಬಂದ ಯೋಚನೆಯನ್ನು ಬಂದ ಯೋಚನೆಯೆಂದೇ ಗುರುತಿಸಿ, ಅದರ ಬೆನ್ನು ಹತ್ತದೆ, ಗಮನವನ್ನು ಮತ್ತೆ ಉಸಿರಿಗೋ ಮೈಗೋ ತರುವುದಷ್ಟೇ ಅಲ್ಲಿನ ಕೆಲಸ. ‘ನಾನು ದಡ್ಡ’ ಎಂಬುದಕ್ಕೂ ‘ನಾನು ದಡ್ಡ ಎಂಬ ಯೋಚನೆ ಈಗ ಬಂದಿದೆ’ ಎಂಬುದಕ್ಕೂ ನಡುವೆ ಹುಟ್ಟುವ ಸಣ್ಣ ಅಂತರದಲ್ಲಿಯೇ ಬಿಡುಗಡೆಯ ಸಾಧ್ಯತೆ ಇದೆಯೆಂದು ನಾನು ನಂಬುತ್ತೇನೆ.

ಇದಕ್ಕೆ ಬಯಲು, ಮರ, ನೀರು ಏಕೆ ಬೇಕು? ಮುಚ್ಚಿದ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತಾಗ ಯೋಚನೆಯ ಹೊರತು ನೋಡಲು ಬೇರೇನೂ ಇರುವುದಿಲ್ಲವಾದ್ದರಿಂದ, ಹೊಸಬರು ನೋಡುತ್ತ ನೋಡುತ್ತಲೇ ಅದರೊಳಗೆ ಮುಳುಗಿಬಿಡುತ್ತಾರೆ. ಹೊರಗೆ ಹಾಗಲ್ಲ. ಸ್ಟೀಫನ್ ಮತ್ತು ರೇಚಲ್ ಕಪ್ಲಾನ್ ಎಂಬ ಮನೋವಿಜ್ಞಾನಿ ದಂಪತಿ 1980ರ ದಶಕದಲ್ಲಿ ರೂಪಿಸಿದ ಸಿದ್ಧಾಂತದ ಪ್ರಕಾರ, ಎಲೆಯ ಅಲುಗಾಟ, ಮೋಡದ ಚಲನೆ, ಹರಿವ ನೀರು ಇಂಥವು ನಮ್ಮ ಗಮನವನ್ನು ಬಲವಂತವಿಲ್ಲದೆ, ಹಗುರವಾಗಿ ಹಿಡಿದಿಡುತ್ತವೆ. ಕೆಲಸಕ್ಕೆಂದು ಬಿಗಿಹಿಡಿದು ದಣಿದ ಗಮನಕ್ಕೆ ಅದರಿಂದ ವಿಶ್ರಾಂತಿ ಸಿಗುತ್ತದೆ. ನಾನು ಸಾಮಾನ್ಯವಾಗಿ ಒಂದು ಹಳೆಯ ಮರದ ತೊಗಟೆಯನ್ನು ನೋಡುತ್ತ ಕೂರುತ್ತೇನೆ. ಬಿರುಕುಗಳ ನಡುವೆ ಇರುವೆಗಳ ಸಾಲು ಮೇಲಕ್ಕೂ ಕೆಳಕ್ಕೂ ಸಾಗುತ್ತಿರುತ್ತದೆ. ಎದುರುಬದುರಾದ ಎರಡು ಇರುವೆಗಳು ಕ್ಷಣಮಾತ್ರ ನಿಂತು, ಕುಡಿಮೀಸೆ ತಾಗಿಸಿ, ಪರಸ್ಪರ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತವೆ. ಅದನ್ನು ನೋಡುತ್ತಿರುವಾಗಲೇ ಹಳೆಯ ಮಾತು ಮನಸ್ಸಿನಲ್ಲಿ ಏಳುತ್ತದೆ. ಅದು ಎದ್ದದ್ದನ್ನು ಗಮನಿಸುತ್ತೇನೆ, ಎದೆಯಲ್ಲಿ ಬಿಗಿತವಾದದ್ದನ್ನೂ ಗಮನಿಸುತ್ತೇನೆ, ಮತ್ತೆ ಇರುವೆಗಳ ಕಡೆಗೆ ಕಣ್ಣು ಹಾಯಿಸುತ್ತೇನೆ. ಮರಕ್ಕಾಗಲಿ ಇರುವೆಗಾಗಲಿ ನಾನು ಸಮರ್ಥನೆಂದು ತೋರಿಸಿಕೊಡಬೇಕಾದ ಹಂಗಿಲ್ಲ.

ನಿಮ್ಮ ಅನುಭವವನ್ನೂ ಆಕ್ಷೇಪಗಳನ್ನೂ ದಯವಿಟ್ಟು ಬರೆಯಿರಿ.

ಸಂದೇಹಿ

ಹಸಿರುಹಾದಿಯವರೇ, ಬರಹ ಮನಸ್ಸಿಗೆ ಹಿತವಾಯಿತು, ಆದರೆ ಒಂದು ಆಕ್ಷೇಪವನ್ನು ನೇರವಾಗಿಯೇ ಇಡುತ್ತೇನೆ. ಮರದ ಬುಡದಲ್ಲಿ ಕುಳಿತಾಗ ಮನಸ್ಸು ತಿಳಿಯಾಗುವುದನ್ನು ನಾನೂ ಅಲ್ಲಗಳೆಯುವುದಿಲ್ಲ. ಅಲ್ಲಿಂದ ಎದ್ದು ಬಂದು, ಮೇಲಧಿಕಾರಿಯ ಮುಂದೆ ನಿಂತು ಉತ್ತರಿಸಬೇಕಾದ ಗಳಿಗೆಯಲ್ಲಿ ಅದೇ ನಂಬಿಕೆ ಇಮ್ಮಡಿ ಬಲದಿಂದ ಮರಳುವುದಿಲ್ಲವೇ? ತಾತ್ಕಾಲಿಕ ನೆಮ್ಮದಿಯನ್ನು ನಾವು ಬದಲಾವಣೆಯೆಂದು ಎಣಿಸುತ್ತಿದ್ದೇವೆಯೇ ಎಂಬುದು ನನ್ನ ಅನುಮಾನ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ಆತ್ಮಸಾಮರ್ಥ್ಯದ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡುವುದನ್ನು ಕಂಡ ಅನುಭವ, ಇತರರು ಕೊಡುವ ಧೈರ್ಯದ ಮಾತು, ಮತ್ತು ಆ ಹೊತ್ತಿನ ದೇಹ ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಪ್ರಬಲವೆಂದು ಅವರು ವಾದಿಸಿದರು. ನೀವು ಹೇಳುತ್ತಿರುವುದು ಹೆಚ್ಚೆಂದರೆ ನಾಲ್ಕನೆಯದನ್ನು ಮುಟ್ಟುತ್ತದೆ. ಲೆಕ್ಕ ಬಾರದೆಂದು ನಂಬಿದವರಿಗೆ ಕೊನೆಗೂ ಬೇಕಾದದ್ದು ಲೆಕ್ಕ ಮಾಡಿ ನೋಡುವುದೇ ಹೊರತು ಇರುವೆಯ ಸಾಲನ್ನು ನೋಡುವುದಲ್ಲ.

ಅಧ್ಯಯನಗಳ ವಿಷಯದಲ್ಲೂ ಎಚ್ಚರ ಬೇಕು. ಆಹ್ಲಾದಕರವಾದ ಜಾಗದಲ್ಲಿ ನಡೆದುಬಂದವರನ್ನು ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುವುದರಲ್ಲಿ ವಿಶೇಷವೇನಿದೆ?

ಹಸಿರುಹಾದಿ

ನಿಮ್ಮ ಆಕ್ಷೇಪದ ಅರ್ಧಭಾಗವನ್ನು ಮನಃಪೂರ್ವಕವಾಗಿ ಒಪ್ಪುತ್ತೇನೆ: ಯಾವ ಕೆಲಸವನ್ನು ನಂಬಿಕೆ ತಡೆಹಿಡಿದಿದೆಯೋ ಆ ಕೆಲಸವನ್ನು ಕೊನೆಗೆ ಮಾಡಲೇಬೇಕು. ಆದರೆ ಮಾಡಲು ಹೊರಟ ಕೂಡಲೇ ‘ನನ್ನಿಂದ ಆಗದು’ ಎಂಬ ಮಾತು ಎದ್ದು ನಿಂತು, ನಾವು ಕಾಲು ಹಿಂದೆಗೆದು, ಹಾಗೆ ಹಿಂದೆಗೆದದ್ದನ್ನೇ ಆ ಮಾತಿಗೆ ಇನ್ನೊಂದು ಸಾಕ್ಷಿಯಾಗಿ ಸೇರಿಸಿಕೊಳ್ಳುವ ಸುಳಿಯನ್ನು ಎಲ್ಲಿಯಾದರೂ ಕಡಿಯಬೇಕಲ್ಲವೇ? ಆ ಮಾತು ಕೇಳಿಸುತ್ತಿರುವಾಗಲೂ ಕೈ ಕೆಲಸ ಮಾಡಬಲ್ಲದು ಎಂಬುದನ್ನು ಕಲಿಯಲು, ಪಣವೇನೂ ಇಲ್ಲದ ಒಂದು ಜಾಗ ಬೇಕು. ಈಜು ಕಲಿಯುವವರನ್ನು ಮೊದಲ ದಿನವೇ ನಡುಹೊಳೆಗೆ ತಳ್ಳುವುದಿಲ್ಲ, ಸೊಂಟದ ಮಟ್ಟದ ನೀರಿನಲ್ಲಿ ಕೈಕಾಲು ಬಡಿಯಲು ಬಿಡುತ್ತಾರೆ. ಮರದಡಿಯ ಅಭ್ಯಾಸ ನನಗೆ ಅಂಥದು.

ಆ ಮಾತನ್ನು ಅದುಮಿಟ್ಟು ಮುಂದೆ ಹೋದರಾಯಿತು ಎಂಬುದೂ ಸುಲಭವಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಜನರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಲೇಬೇಡಿ ಎಂದು ಹೇಳಿ ಪರೀಕ್ಷಿಸಿದಾಗ, ಅವರಿಗೆ ಆ ಕರಡಿಯನ್ನು ತಡೆಯಲಾಗಲಿಲ್ಲ. ಆಮೇಲೆ ಯೋಚಿಸಬಹುದು ಎಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಹೆಚ್ಚಾಗಿ ಅದು ಅವರ ಮನಸ್ಸಿಗೆ ಬಂತು.

ಅಧ್ಯಯನಗಳ ಬಗ್ಗೆ ಎರಡು ಮಾತು. 2015ರಲ್ಲಿ ಗ್ರೆಗರಿ ಬ್ರಾಟ್ಮನ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಗಡಿಗರು 38 ಮಂದಿಯಲ್ಲಿ ಕೆಲವರನ್ನು ಹುಲ್ಲು ಮರಗಳ ನಡುವೆ, ಉಳಿದವರನ್ನು ವಾಹನ ದಟ್ಟಣೆಯ ರಸ್ತೆಯ ಬದಿಯಲ್ಲಿ 90 ನಿಮಿಷ ನಡೆಸಿದರು. ಮರಗಳ ನಡುವೆ ನಡೆದವರು ತಮ್ಮ ಕುಂದುಕೊರತೆಗಳನ್ನೇ ಮೆಲುಕು ಹಾಕುವುದು ಕಡಿಮೆಯಾಯಿತೆಂದು ಹೇಳಿದ್ದಷ್ಟೇ ಅಲ್ಲದೆ, ಅಂಥ ಕೊರಗಿನೊಂದಿಗೆ ನಂಟುಳ್ಳ ಮಿದುಳಿನ ಮುಂಭಾಗದ ಒಂದು ಪ್ರದೇಶದ ಚಟುವಟಿಕೆಯೂ ಸ್ಕ್ಯಾನ್‌ನಲ್ಲಿ ತಗ್ಗಿದ್ದು ಕಂಡುಬಂತು. ಸಣ್ಣ ಅಧ್ಯಯನ, ನಿಜ. ಹಿತವೆನಿಸಿದ್ದರಿಂದ ಹಾಗೆ ಹೇಳಿದರು ಎಂಬ ನಿಮ್ಮ ಅನುಮಾನಕ್ಕೆ ಮಾತ್ರ 2008ರ ಮಿಶಿಗನ್ ವಿಶ್ವವಿದ್ಯಾಲಯದ ಅಧ್ಯಯನ ಉತ್ತರವಾಗಬಲ್ಲದು. ಸಸ್ಯೋದ್ಯಾನದಲ್ಲಿ ನಡೆದುಬಂದವರು ಕೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳುವ ಪರೀಕ್ಷೆಯಲ್ಲಿ ಮೊದಲಿಗಿಂತ ಚೆನ್ನಾಗಿ ಮಾಡಿದರು. ಕೊರೆಯುವ ಚಳಿಯಲ್ಲಿ ನಡೆದು, ನಡಿಗೆಯನ್ನು ಅಷ್ಟಾಗಿ ಸವಿಯದವರಿಗೂ ಆ ಲಾಭ ಸಿಕ್ಕಿತು.

ಕಿಟಕಿಯಂಚು

ಕಾಡು, ಬಯಲು, ಹೊಳೆಯ ದಂಡೆ ಎಂದೆಲ್ಲ ಓದುವಾಗ ನನ್ನಂಥವರಿಗೆ ಸ್ವಲ್ಪ ಸಂಕಟವಾಗುತ್ತದೆ. ಹಾಸಿಗೆ ಹಿಡಿದ ಹಿರಿಯರೊಬ್ಬರನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನ ಮೇಲಿರುವುದರಿಂದ ಮನೆ ಬಿಟ್ಟು ಹೋಗುವಂತಿಲ್ಲ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಕನಿಷ್ಠ 120 ನಿಮಿಷ ಪ್ರಕೃತಿಯಲ್ಲಿ ಕಳೆಯುವವರು ತಮ್ಮ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿವೆಯೆಂದು ಹೇಳುವ ಸಂಭವ ಹೆಚ್ಚೆಂದು ತಿಳಿಸಿತ್ತು. ಅದನ್ನು ಓದಿದಾಗ ನನಗೆ ಮೊದಲು ಬಂದ ಯೋಚನೆಯೇ ‘ಅಷ್ಟೂ ನನ್ನಿಂದ ಆಗದು’ ಎಂಬುದು. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಿರಬಹುದಲ್ಲವೇ ಎಂಬ ಪ್ರಶ್ನೆಗೆ ಅಂಥ ಅಧ್ಯಯನ ಪೂರ್ತಿ ಉತ್ತರ ಕೊಡಲಾರದು ಎಂಬುದೂ ಆಮೇಲೆ ಹೊಳೆಯಿತು.

ನನಗೆ ದಕ್ಕಿರುವುದು ಅಡುಗೆಮನೆಯ ಕಿಟಕಿಯಿಂದ ಕಾಣುವ ಒಂದೇ ಒಂದು ಕೊಂಬೆ. 1984ರಲ್ಲಿ ರೋಜರ್ ಉಲ್ರಿಚ್ ಅವರು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆಗಳನ್ನು ಹೋಲಿಸಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು, ತೀವ್ರ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾದವು ಎಂದು ತೋರಿಸಿದ್ದರು. ಆದ್ದರಿಂದ ಕಿಟಕಿಯನ್ನು ಕೀಳೆಂದು ಎಣಿಸಬೇಕಿಲ್ಲ ಎಂದುಕೊಂಡಿದ್ದೇನೆ. ಹಾಲು ಕಾಯುವಷ್ಟು ಹೊತ್ತು ಕೊಂಬೆಯ ತುದಿಯನ್ನು ನೋಡುತ್ತೇನೆ. ಚಿಗುರು ಮೊದಲು ಕೆಂಪಾಗಿ, ಮಡಿಚಿದ ಹಾಗಿದ್ದು, ನಂತರ ತಿಳಿಹಸಿರಾಗಿ ಬಿಡಿಸಿಕೊಳ್ಳುತ್ತದೆ; ಗಾಳಿಯಿಲ್ಲದಾಗಲೂ ಯಾವುದೋ ಒಂದೆಲೆ ಮಾತ್ರ ಅಲುಗುತ್ತಿರುತ್ತದೆ. ‘ನಾನು ಯಾರಿಗೂ ಸರಿಯಾಗಿ ಆಸರೆಯಾಗಲಾರೆ’ ಎಂಬುದು ನನ್ನನ್ನು ಕಟ್ಟಿಹಾಕಿರುವ ಮಾತು. ಅದು ಹೋಗಿದೆಯೆಂದು ಹೇಳಲಾರೆ, ಆದರೆ ಅದು ಬಂದಾಗ ಕೈಯಲ್ಲಿರುವ ಕೆಲಸ ನಿಲ್ಲುವುದು ಕಡಿಮೆಯಾಗಿದೆ.

ಮೌನಭಾರ

ನನ್ನ ಅನುಭವ ಬೇರೆಯೇ ಆಗಿದೆ, ಬರೆಯಲು ಹಿಂಜರಿಕೆಯಾದರೂ ಬರೆಯುತ್ತಿದ್ದೇನೆ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಟ್ಟಾಗ ನನಗೆ ಶಾಂತಿ ಸಿಗುವ ಬದಲು ಹಳೆಯ ಘಟನೆಗಳು ಒಂದರ ಮೇಲೊಂದು ನುಗ್ಗಿ ಬಂದು, ಎದೆ ಹೊಡೆದುಕೊಂಡು, ಎದ್ದ ಮೇಲೂ ದಿನವಿಡೀ ಮಂಕು ಕವಿದಿರುತ್ತಿತ್ತು. ಎಲ್ಲರಿಗೂ ಒಳ್ಳೆಯದಾಗುವುದು ನನಗೆ ಮಾತ್ರ ಆಗದೆಂದರೆ ‘ಧ್ಯಾನಕ್ಕೂ ನಾನು ಯೋಗ್ಯನಲ್ಲ’ ಎಂಬ ಇನ್ನೊಂದು ನಂಬಿಕೆ ಸೇರಿಕೊಂಡಂತಾಯಿತು. ಇಂಥವರು ಏನು ಮಾಡಬೇಕು?

ಆಪ್ತಸಲಹೆ

ಮೌನಭಾರ ಅವರೇ, ಆಪ್ತಸಮಾಲೋಚನೆಯ ಕೆಲಸದಲ್ಲಿರುವ ನನಗೆ ನಿಮ್ಮಂಥ ಮಾತು ಅಪರೂಪವಲ್ಲ, ಮತ್ತು ಅದು ನಿಮ್ಮ ಅಯೋಗ್ಯತೆಯ ಲಕ್ಷಣ ಖಂಡಿತ ಅಲ್ಲ. ಆಘಾತದ ನೆನಪುಗಳನ್ನು ಹೊತ್ತವರಿಗೆ, ತೀವ್ರ ಖಿನ್ನತೆಯ ನಡುವೆ ಇರುವವರಿಗೆ, ಕಣ್ಣು ಮುಚ್ಚಿ ಒಳಮುಖವಾಗಿ ಕೂರುವುದು ಭಾರವಾಗಬಹುದು. ಅಂಥವರು ದಯವಿಟ್ಟು ಬಲವಂತವಾಗಿ ಮುಂದುವರಿಸಬಾರದು. ಕಣ್ಣು ತೆರೆದಿರಲಿ. ಕೂರುವ ಬದಲು ನಡೆಯಿರಿ. ಗಮನವನ್ನು ಉಸಿರಿನ ಮೇಲಿಡದೆ ಅಂಗಾಲು ನೆಲಕ್ಕೆ ತಾಗುವುದರ ಮೇಲೆ, ದೂರದ ಹಕ್ಕಿಯ ಕೂಗಿನ ಮೇಲೆ, ಕಲ್ಲಿನ ತಂಪಿನ ಮೇಲೆ ಇಡಿ. ಸಾವಧಾನಕ್ಕೆ ಪ್ರಕೃತಿ ಅತ್ಯಂತ ಹೆಚ್ಚು ನೆರವಾಗುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಳಗಿನದು ಹೆಚ್ಚಾದಾಗ ಗಮನವನ್ನು ಇರಿಸಲು ಹೊರಗೆ ಸಾಕಷ್ಟು ಜಾಗವಿರುತ್ತದೆ. ಅಷ್ಟಾದರೂ ನೆನಪುಗಳು ನುಗ್ಗಿ ಬರುತ್ತಿದ್ದರೆ, ನಿದ್ರೆ ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಮನೋವೈದ್ಯರನ್ನೋ ತರಬೇತಿ ಪಡೆದ ಚಿಕಿತ್ಸಕರನ್ನೋ ಕಾಣುವುದನ್ನು ಮುಂದೂಡಬೇಡಿ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸಾವಧಾನವನ್ನು, ಯೋಚನೆಗಳನ್ನು ಪರೀಕ್ಷಿಸಿ ನೋಡುವ ಆರನ್ ಬೆಕ್ ಅವರ ಚಿಕಿತ್ಸಾಕ್ರಮದೊಂದಿಗೆ ಬೆಸೆದವರು ಜಾನ್ ಟೀಸ್‌ಡೇಲ್, ಜಿಂಡೆಲ್ ಸೀಗಲ್ ಮತ್ತು ಮಾರ್ಕ್ ವಿಲಿಯಮ್ಸ್. ಅವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿ ಚೇತರಿಸಿಕೊಂಡಿದ್ದವರಲ್ಲಿ ಅದು ಮರುಕಳಿಸುವುದು ಗಣನೀಯವಾಗಿ ಕಡಿಮೆಯಾಯಿತು. ಎರಡೇ ಬಾರಿ ಒಳಗಾಗಿದ್ದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಅದು ಚೇತರಿಸಿಕೊಂಡವರಿಗಾಗಿ ರೂಪಿಸಿದ ಕ್ರಮ. ಯಾರಿಗೆ, ಯಾವಾಗ ಎಂಬುದು ಮುಖ್ಯವೆಂಬುದನ್ನು ಈ ವಿಧಾನವನ್ನು ಕಟ್ಟಿದವರೇ ತೋರಿಸಿಕೊಟ್ಟಿದ್ದಾರೆ.

ಹೊಸದನಿ

ಎಲ್ಲರ ಬರಹಗಳನ್ನೂ ಓದಿದೆ. ನಂಬಿಕೆಯಲ್ಲಿ ಸ್ವಲ್ಪ ಸತ್ಯವೂ ಇದ್ದರೆ ಏನು ಮಾಡಬೇಕು ಎಂಬುದು ನನ್ನ ತೊಡಕು. ಸಭೆಯಲ್ಲಿ ಮಾತನಾಡುವಾಗ ನನ್ನ ಧ್ವನಿ ನಡುಗುವುದು ಕಲ್ಪನೆಯಲ್ಲ, ಎಲ್ಲರೂ ಕೇಳಿರುವ ಸಂಗತಿ. ಇನ್ನೊಂದು ಮಾತು: ಕೆಲವರಿಗೆ ‘ನನಗೆ ಇಲ್ಲಿ ಜಾಗವಿಲ್ಲ’ ಎನಿಸುವುದು ಮನಸ್ಸಿನ ತಪ್ಪಲ್ಲ, ನಿಜವಾಗಿಯೂ ಅವರಿಗೆ ಜಾಗ ಕೊಟ್ಟಿರುವುದಿಲ್ಲ. ಹೆಣ್ಣೆಂದು, ಬಡವರೆಂದು, ಅಂಗವೈಕಲ್ಯವಿದೆಯೆಂದು ಬಾಗಿಲು ಮುಚ್ಚಿಸಿಕೊಂಡವರಿಗೆ ಮರದಡಿ ಕುಳಿತು ನಂಬಿಕೆ ಬಿಡಿ ಎನ್ನುವುದು ಅನ್ಯಾಯವಲ್ಲವೇ?

ಸಂದೇಹಿ

ಹೊಸದನಿಯವರ ಎರಡನೆಯ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಮುಚ್ಚಿದ ಬಾಗಿಲನ್ನು ತೆರೆಸಬೇಕಾದದ್ದು ಅದನ್ನು ಮುಚ್ಚಿದವರ ಹೊಣೆ, ಅದನ್ನು ಒಳಗಿನ ಅಭ್ಯಾಸದ ವಿಷಯವನ್ನಾಗಿ ಮಾಡಿ ಪೆಟ್ಟು ತಿಂದವರ ಮೇಲೆಯೇ ಹೊರಿಸಬಾರದು. ಆದರೂ, ಹೊರಗಿನವರು ಹಚ್ಚಿದ ಹಣೆಪಟ್ಟಿಯನ್ನು ನಾನೇ ನನ್ನ ಹೆಸರೆಂದು ಓದಿಕೊಳ್ಳತೊಡಗಿದಾಗ ಹೋರಾಡುವ ಕಸುವೂ ಕುಗ್ಗುತ್ತದೆ. ‘ಅವರು ನನ್ನನ್ನು ಹೊರಗಿಟ್ಟರು’ ಎಂಬ ಸಂಗತಿಯಿಂದ ‘ಆದ್ದರಿಂದ ನಾನು ಕಡಿಮೆ’ ಎಂಬ ತೀರ್ಮಾನವನ್ನು ಬೇರ್ಪಡಿಸಿ ನೋಡಲು ಈ ಅಭ್ಯಾಸ ನೆರವಾಗುವುದಾದರೆ, ಆ ಮಟ್ಟಿಗೆ ನಾನು ಇದರ ಪರ.

ಹಸಿರುಹಾದಿ

ಹೊಸದನಿಯವರೇ, ನಿಮ್ಮ ಮೊದಲ ಪ್ರಶ್ನೆಯನ್ನು ಹಿಡಿದು ಬರೆಯುತ್ತೇನೆ. ಧ್ವನಿ ನಡುಗುವುದು ಸಂಗತಿ. ‘ನಡುಗುವ ಧ್ವನಿಯವರು ಮಾತನಾಡಬಾರದು’, ‘ಎಲ್ಲರೂ ನಗುತ್ತಾರೆ’, ‘ಇದು ಎಂದಿಗೂ ಹೀಗೆಯೇ’ ಎಂಬವು ಅದಕ್ಕೆ ಅಂಟಿಕೊಂಡು ಬಂದ ತೀರ್ಮಾನಗಳು. ಸಂಗತಿಯನ್ನು ಹಾಗೆಯೇ ಇರಲು ಬಿಟ್ಟು, ತೀರ್ಮಾನಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡುವುದು ಸಾಧ್ಯ.

ಮುಂದಿನ ಸಭೆಗೆ ಮುಂಚೆ, ಸಾಧ್ಯವಾದರೆ ಮರವೋ ಆಕಾಶವೋ ಕಾಣುವ ಕಡೆ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ಮಾತನಾಡುವ ದೃಶ್ಯ ಕಣ್ಮುಂದೆ ಬಂದಾಗ ಮೈಯಲ್ಲಿ ಏನಾಗುತ್ತದೆ, ಗಂಟಲು ಒಣಗುತ್ತದೆಯೇ, ಹೊಟ್ಟೆ ಬಿಗಿಯುತ್ತದೆಯೇ ಎಂದು ನೋಡಿ, ನೋಡಿದ ಮೇಲೆ ಕಣ್ಣನ್ನು ಎದುರಿನ ಎಲೆಗೋ ಮೋಡಕ್ಕೋ ಮರಳಿಸಿ. ಬಿಗಿತ ಹೋಗಲೇಬೇಕೆಂದು ಹಟ ಹಿಡಿಯಬೇಡಿ. ಅದು ಇದ್ದುಕೊಂಡೇ ಕಾಲು ನಡೆಯುತ್ತಿದೆ ಎಂಬುದನ್ನು ಗಮನಿಸಿದರೆ ಸಾಕು. ನಂತರ ಒಂದು ಚೀಟಿಯಲ್ಲಿ, ಏನಾಗುತ್ತದೆಂದು ಮನಸ್ಸು ಹೆದರಿಸುತ್ತಿದೆಯೋ ಅದನ್ನು ಹಾಗೆಯೇ ಬರೆದುಕೊಳ್ಳಿ. ಸಭೆಯಲ್ಲಿ ಭಾಷಣ ಬೇಡ, ಒಂದೇ ಒಂದು ಪ್ರಶ್ನೆ ಕೇಳಿ. ಮುಗಿದ ಮೇಲೆ, ಚೀಟಿಯಲ್ಲಿದ್ದುದರಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ಅದರ ಕೆಳಗೆ ಬರೆಯಿರಿ. ಸಂದೇಹಿಯವರು ಎತ್ತಿದ ಬಂಡೂರಾ ಅವರ ಮೊದಲ ಮೂಲವೂ ನಾಲ್ಕನೆಯದೂ ಇಲ್ಲಿ ಒಟ್ಟಿಗೆ ಬರುತ್ತವೆ.

ದೂರದೃಷ್ಟಿ

ಒಂದು ಸಣ್ಣ ಸೇರ್ಪಡೆ. ಕ್ಯಾಲಿಫೋರ್ನಿಯಾದಲ್ಲಿ ಹಿರಿಯ ವಯಸ್ಸಿನವರನ್ನು ವಾರಕ್ಕೊಮ್ಮೆ 15 ನಿಮಿಷದಂತೆ 8 ವಾರ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅವರಲ್ಲಿ ಒಂದು ಗುಂಪಿಗೆ, ಬೆರಗು ಹುಟ್ಟಿಸುವಂಥದನ್ನು ಹುಡುಕುತ್ತ ನಡೆಯಿರಿ ಎಂದಷ್ಟೇ ಹೇಳಲಾಗಿತ್ತು. ಆ ಗುಂಪಿನವರು ನಡಿಗೆಯ ವೇಳೆ ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರಗಳು ಕಳೆದಂತೆ ಅವರ ಸ್ವಂತ ಚಿತ್ರ ಚಿಕ್ಕದಾಗುತ್ತ, ಹಿಂದಿನ ದೃಶ್ಯ ಹೆಚ್ಚು ಜಾಗ ಪಡೆಯುತ್ತ ಹೋಯಿತಂತೆ. ನಮ್ಮ ಬಗೆಗಿನ ನಂಬಿಕೆ ಸರಿಯೋ ತಪ್ಪೋ ಎಂದು ತೂಗುವುದನ್ನೇ ಸ್ವಲ್ಪ ಹೊತ್ತು ಬಿಟ್ಟು, ನಮ್ಮ ಕಡೆಯಿಂದ ದೃಷ್ಟಿ ತೆಗೆಯುವುದೂ ಒಂದು ದಾರಿಯೆಂದು ನನಗೆ ತೋರುತ್ತದೆ. ಬೆಟ್ಟವನ್ನೋ ನಕ್ಷತ್ರಗಳನ್ನೋ ನೋಡುವಾಗ ‘ನಾನು ಸಾಕಷ್ಟು ಒಳ್ಳೆಯವನೇ?’ ಎಂಬ ಪ್ರಶ್ನೆಯೇ ಏಳದ ಗಳಿಗೆಗಳಿರುತ್ತವೆ.

ಹೊಸದನಿ

ಹಸಿರುಹಾದಿಯವರು ಹೇಳಿದಂತೆ ಮಾಡಿದೆ. ಸಭೆಯಲ್ಲಿ ಪ್ರಶ್ನೆ ಕೇಳಿದೆ. ಚೀಟಿಯಲ್ಲಿ ಬರೆದಿದ್ದಂತೆ ಧ್ವನಿ ನಡುಗಿತು, ಎಲ್ಲರೂ ನಗಲಿಲ್ಲವಾದರೂ ಒಬ್ಬರು ಪಕ್ಕದವರ ಕಡೆ ತಿರುಗಿ ನಕ್ಕರು. ಪ್ರಶ್ನೆಗೆ ಮಾತ್ರ ವಿವರವಾದ ಉತ್ತರ ಬಂತು, ಮತ್ತು ಅದೇ ವಿಷಯ ಕೇಳಬೇಕೆಂದಿದ್ದೆ ಎಂದು ಒಬ್ಬರು ಆಮೇಲೆ ಬಂದು ಹೇಳಿದರು. ಆದರೂ ನಕ್ಕವರ ಮುಖವೇ ರಾತ್ರಿಯವರೆಗೂ ಕಣ್ಣಮುಂದೆ ಇತ್ತು. ಇದಕ್ಕೇನು ಮಾಡುವುದು?

ಆಪ್ತಸಲಹೆ

ಮೊದಲಿಗೆ ಅಭಿನಂದನೆ, ನಡುಗುವ ಧ್ವನಿಯಲ್ಲಿಯೇ ಪ್ರಶ್ನೆ ಪೂರ್ತಿ ಮಾಡಿದ್ದಕ್ಕೆ. ಆ ಮುಖ ಕಣ್ಣಮುಂದೆ ಬರುವುದನ್ನು ತಡೆಯಲು ಹೋಗಬೇಡಿ, ಬಿಳಿ ಕರಡಿಯ ಮಾತು ಇಲ್ಲಿಯೂ ಸಲ್ಲುತ್ತದೆ. ಅವರು ಏಕೆ ನಕ್ಕರೆಂಬುದು ನಿಮಗೆ ತಿಳಿಯದು. ಚೀಟಿಯಲ್ಲಿ ‘ಒಬ್ಬರು ನಕ್ಕರು, ಕಾರಣ ಗೊತ್ತಿಲ್ಲ’ ಎಂದು ಬರೆಯಿರಿ. ಅದರ ಕೆಳಗೆ, ಆಮೇಲೆ ಬಂದು ಮಾತನಾಡಿಸಿದವರ ಮಾತನ್ನೂ ತಪ್ಪದೆ ಬರೆಯಿರಿ, ಏಕೆಂದರೆ ಹಳೆಯ ನಂಬಿಕೆ ತನಗೆ ಒಗ್ಗದ ಸಂಗತಿಗಳನ್ನು ಬೇಗ ಮರೆಸಿಬಿಡುತ್ತದೆ. ನಾಳೆ ಬೆಳಿಗ್ಗೆ ನಡೆಯಲು ಹೋಗುವಾಗ ಚೀಟಿ ಜೊತೆಗಿರಲಿ, ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಅಲ್ಲಿಯೇ ಯೋಚಿಸಿ ಅದರ ಹಿಂಬದಿಯಲ್ಲಿ ಬರೆದುಕೊಳ್ಳಿ.